ಮೊದಮೊದಲ ಸಭೆಗಳಲ್ಲಿ ರೊಟ್ಟಿ ಮುರಿಯುತ್ತಿದ್ದವರು ಯಾರು? ನೀವೇ ಓದಿ ಕಂಡುಕೊಳ್ಳಿ

ಯೇಸುವಿನ ನೆನಪಿಗೆ ಕ್ರೈಸ್ತರು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿಯನ್ನು ಪರಮಪ್ರಸಾದ ಅನ್ನಿ, ಕರ್ತನ ಭೋಜನ ಅನ್ನಿ, ಅದನ್ನು ಯಾರು ನಡೆಸಬೇಕು ಎಂಬ ಮಾತು ಬಂದರೆ ಎಲ್ಲರೂ ‘ಮೊದಲಿನಿಂದಲೂ ನಮ್ಮ ಹಾಗೇ ಇತ್ತು’ ಅನ್ನುತ್ತಾರೆ. ಸುಮ್ನೆ ವಾದ ಮಾಡುವ ಬದಲು ಹಳೆಯ ಬರಹಗಳನ್ನೇ ಓದಿ. ಒಂದು ಹಾಳೆಯಲ್ಲಿ ಎರಡು ಪ್ರಶ್ನೆ ಬರೆದಿಟ್ಟುಕೊಳ್ಳಿ: ಆ ರೊಟ್ಟಿ ಏನೆಂದು ನಂಬಿದ್ದರು? ಪ್ರಾರ್ಥನೆ ಹೇಳಿದವರು ಯಾರು?

ಮೊದಲು ಪೌಲ ಕೊರಿಂಥದವರಿಗೆ ಬರೆದ ಮೊದಲನೇ ಪತ್ರ, 11ನೇ ಅಧ್ಯಾಯ. ಕ್ರಿ.ಶ. 55ರ ಆಸುಪಾಸಿನದು. ಒಬ್ಬ ಹಸಿದಿದ್ದಾನೆ, ಇನ್ನೊಬ್ಬ ಕುಡಿದು ಅಮಲೇರಿದ್ದಾನೆ ಅಂತ ಪೌಲನಿಗೆ ಸಿಟ್ಟು. ನಡೆಸುವವರ ಬಗ್ಗೆ ಅಲ್ಲಿ ಒಂದು ಮಾತೂ ಇಲ್ಲ. ಇಲ್ಲ ಅಂತಲೇ ಬರೆದುಕೊಳ್ಳಿ, ನಿಮ್ಮ ಉತ್ತರ ತುಂಬಿಸಬೇಡಿ.

ಆಮೇಲೆ ದಿದಾಖೆ, ಅಂದರೆ ಸಭೆ ಹೇಗೆ ನಡೆಯಬೇಕೆಂದು ಹೇಳುವ ಆದಿ ಕ್ರೈಸ್ತರ ಪುಟ್ಟ ಕೈಪಿಡಿ. ಇದರ ಕೈಬರಹ ಕಾನ್‌ಸ್ಟಾಂಟಿನೋಪಲ್‌ನಲ್ಲಿ 1873ರಲ್ಲಿ ಸಿಕ್ಕಿತು. 9 ಮತ್ತು 10ನೇ ಅಧ್ಯಾಯಗಳನ್ನು ನಿಧಾನವಾಗಿ, ಆದರೆ ಜೋರಾಗಿ ಓದಿ. ಇಲ್ಲಿ ಪಾತ್ರೆಯ ಪ್ರಾರ್ಥನೆ ಮೊದಲು, ರೊಟ್ಟಿಯದು ಆಮೇಲೆ. ಬೆಟ್ಟಗಳ ಮೇಲೆ ಚದುರಿದ್ದದ್ದು ಕೂಡಿ ಒಂದು ರೊಟ್ಟಿಯಾದಂತೆ ನಿನ್ನ ಸಭೆಯೂ ಭೂಮಿಯ ಅಂಚುಗಳಿಂದ ಒಂದಾಗಿ ಸೇರಲಿ ಎಂಬ ಬೇಡಿಕೆ ಇಲ್ಲಿದೆ, ಇದಕ್ಕಿಂತ ಚೆಂದದ ಪ್ರಾರ್ಥನೆ ನಾನು ಓದಿಲ್ಲ. ದೀಕ್ಷಾಸ್ನಾನ ಆಗದವರು ಉಣ್ಣುವಂತಿಲ್ಲ. ಪ್ರವಾದಿಗಳು ಮಾತ್ರ ತಮಗೆ ಬೇಕಾದಷ್ಟು ಸ್ತೋತ್ರ ಹೇಳಬಹುದು! ಆದರೆ 15ನೇ ಅಧ್ಯಾಯ ಬಿಡಬೇಡಿ: ಸಭಾಧ್ಯಕ್ಷರನ್ನೂ (ಬಿಷಪ್‌ಗಳನ್ನೂ) ಸಭಾಸೇವಕರನ್ನೂ (ಡೀಕನ್‌ಗಳನ್ನೂ) ಆರಿಸಿಕೊಳ್ಳಿ, ಪ್ರವಾದಿಗಳ ಸೇವೆಯನ್ನು ಅವರೂ ಮಾಡುತ್ತಾರೆ ಎಂದಿದೆ. ಊರೂರು ತಿರುಗುವ ಪ್ರವಾದಿಗಳಿಂದ ಊರಲ್ಲೇ ಇರುವವರ ಕಡೆಗೆ ಕೆಲಸ ಜಾರುತ್ತಿರುವುದು ಕಾಣುತ್ತದೆ, ಅಲ್ವಾ?

ಮುಂದೆ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್. ಸಾಯಿಸಲೆಂದು ರೋಮ್‌ಗೆ ಕರೆದೊಯ್ಯುತ್ತಿದ್ದಾಗ ಸ್ಮುರ್ನದವರಿಗೆ ಬರೆದ ಪತ್ರದಲ್ಲಿ ಅವರದು ಖಡಾಖಂಡಿತ ಮಾತು: ಬಿಷಪ್ ಅಥವಾ ಅವರು ಒಪ್ಪಿಸಿದವರು ನಡೆಸಿದ್ದೇ ಸರಿಯಾದದ್ದು. ಇದನ್ನು ಬರೀ ಅಧಿಕಾರದ ಮಾತು ಅಂದುಕೊಳ್ಳಬೇಡಿ. ಸ್ವಲ್ಪ ಹಿಂದಕ್ಕೆ ಹೋದರೆ, ರೊಟ್ಟಿ ಯೇಸುವಿನ ಮಾಂಸವೆಂದು ಒಪ್ಪದೆ ದೂರ ಉಳಿದವರ ಪ್ರಸ್ತಾಪವಿದೆ. ಸಭೆ ಒಡೆಯುವ ಭಯ ಇಗ್ನೇಷಿಯಸ್‌ಗೆ.

ಕ್ರಿ.ಶ. 155ರ ಹೊತ್ತಿಗೆ ರೋಮ್‌ನಲ್ಲಿ ಜಸ್ಟಿನ್ ಎಂಬ ಕ್ರೈಸ್ತ ಲೇಖಕ, ಕ್ರೈಸ್ತರ ಪರವಾಗಿ ಚಕ್ರವರ್ತಿಗೆ ಬರೆದ ಸಮರ್ಥನೆ ಓದಿ, 65ರಿಂದ 67ನೇ ಅಧ್ಯಾಯ ಸಾಕು. ಇದು ಮಾಮೂಲಿ ರೊಟ್ಟಿಯಲ್ಲ ಅನ್ನುತ್ತಾರೆ. ನಡೆಸುವವನಿಗೆ ಅವರು ಬಳಸುವ ಪದ ‘ಮುಂದೆ ನಿಂತವನು’ ಅಷ್ಟೇ. ಅವನು ತನ್ನ ಶಕ್ತಿ ಇದ್ದಷ್ಟು ಪ್ರಾರ್ಥಿಸುತ್ತಾನೆ, ಜನ ಆಮೆನ್ ಅನ್ನುತ್ತಾರೆ, ಬಾರದವರ ಪಾಲನ್ನು ಸಭಾಸೇವಕರು ಅವರಿಗೆ ತಲುಪಿಸುತ್ತಾರೆ.

ಕೊನೆಗೆ 325ರಲ್ಲಿ ನಿಕೇಯದಲ್ಲಿ ಸೇರಿದ ಬಿಷಪ್‌ಗಳ ಮಹಾಸಭೆಯ 18ನೇ ನಿಯಮ. ರೊಟ್ಟಿ, ದ್ರಾಕ್ಷಾರಸ ಅರ್ಪಿಸುವ ಅಧಿಕಾರವಿಲ್ಲದ ಸಭಾಸೇವಕರು, ಅರ್ಪಿಸುವ ಹಿರಿಯರಿಗೆ (ಪಾದ್ರಿಗಳಿಗೆ) ಪ್ರಸಾದ ಕೊಡಬಾರದು ಅನ್ನುತ್ತದೆ ಅದು. ಕೊರಿಂಥದ ಪತ್ರದ ಎದುರು ಖಾಲಿ ಬಿಟ್ಟಿದ್ದ ಜಾಗವನ್ನು ಈಗ ಇದರ ಪಕ್ಕದಲ್ಲಿಟ್ಟು ನೋಡಿ.