ಬಳ್ಳಾರಿಯ ಚಿತ್ರಮಂದಿರದಲ್ಲಿ ಜಯಂತಿ ಅವರ ಚಿತ್ರಗಳ ಪ್ರದರ್ಶನ: ಏರ್ಪಡಿಸುವ ಬಗೆ

ಹಿರಿಯ ಕಲಾವಿದರೊಬ್ಬರ ಹಳೆಯ ಚಿತ್ರಗಳನ್ನು ಸಾಲಾಗಿ ತೋರಿಸಲು ಹೊರಡುವವರು ಸಾಮಾನ್ಯವಾಗಿ ಮೊದಲು ಚಿತ್ರಗಳ ಪಟ್ಟಿ ಬರೆದು, ಆಮೇಲೆ ಪ್ರತಿಗಳಿಗಾಗಿ ಅಲೆಯುತ್ತಾರೆ. ಆಗಬೇಕಾದದ್ದು ಇದರ ತಿರುವುಮುರುವು. ದೊಡ್ಡ ತೆರೆಗೆ ಒಗ್ಗುವ ಪ್ರತಿ ಯಾವ ಚಿತ್ರಕ್ಕಿದೆ, ಅದರ ಹಕ್ಕು ಯಾರ ಕೈಯಲ್ಲಿದೆ ಎಂಬುದು ತಿಳಿದ ಮೇಲಷ್ಟೇ ಪಟ್ಟಿಯ ಮಾತು. 1945ರಲ್ಲಿ ಬಳ್ಳಾರಿಯಲ್ಲಿ ಹುಟ್ಟಿ 2021ರಲ್ಲಿ ನಿಧನರಾದ ‘ಅಭಿನಯ ಶಾರದೆ’ ಜಯಂತಿಯವರ ಚಿತ್ರಗಳನ್ನು ಅದೇ ಊರಿನ ಚಿಕ್ಕ ಟಾಕೀಸೊಂದರಲ್ಲಿ ತೋರಿಸಬಯಸುವವರಿಗಾಗಿ ಈ ಟಿಪ್ಪಣಿ.

ಡಿವಿಡಿ ಕೊಂಡಿದ್ದೇವೆ, ಒಟಿಟಿಗೆ ಚಂದಾ ಕಟ್ಟಿದ್ದೇವೆ ಎಂಬ ಕಾರಣಕ್ಕೆ ಸಾರ್ವಜನಿಕ ಪ್ರದರ್ಶನದ ಹಕ್ಕು ಬರುವುದಿಲ್ಲ. ಉಚಿತ ಪ್ರದರ್ಶನವೆಂದರೂ ಈ ನಿಯಮ ಸಡಿಲವಾಗದು. ಟಿವಿಗೆ ಮಾರಿದ ಹಕ್ಕು ಬೇರೆ, ಚಿತ್ರಮಂದಿರದ ಹಕ್ಕು ಬೇರೆ ಆಗಿರುವುದರಿಂದ, ನಿರ್ಮಾಪಕರ ವಾರಸುದಾರರನ್ನು ಅಥವಾ ಹಂಚಿಕೆದಾರರನ್ನು ಹುಡುಕಬೇಕು. ಬೆಂಗಳೂರಿನ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ವಿಚಾರಿಸುವುದು ಮೊದಲ ಹೆಜ್ಜೆ. ಹಳೆಯ ಪ್ರತಿಗಳಿಗಾಗಿ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೂ ಬರೆಯಬಹುದು. ಪತ್ರದಲ್ಲಿ ದಿನಾಂಕ, ಆಟಗಳ ಸಂಖ್ಯೆ, ಟಿಕೆಟ್ ದರ ಸ್ಪಷ್ಟವಾಗಿರಲಿ. ಒಪ್ಪಿಗೆಯನ್ನು ಬರಹದಲ್ಲೇ ಪಡೆದು, ಸೆನ್ಸಾರ್ ಪ್ರಮಾಣಪತ್ರದ ನಕಲನ್ನು ಜೊತೆಗೆ ಇಟ್ಟುಕೊಳ್ಳಬೇಕು.

ಪ್ರತಿಯ ವಿಷಯದಲ್ಲಿ ಟಾಕೀಸಿನ ಆಪರೇಟರ್ ಮಾತೇ ಅಂತಿಮ. ಬೀಗಮುದ್ರೆಯಿರುವ ಡಿಸಿಪಿ (ಚಿತ್ರಮಂದಿರಗಳಿಗಾಗಿ ಸಿದ್ಧಪಡಿಸುವ ಡಿಜಿಟಲ್ ಕಡತ) ಪ್ರತಿಯು ನಿರ್ದಿಷ್ಟ ಸರ್ವರಿನಲ್ಲಿ, ನಿರ್ದಿಷ್ಟ ಅವಧಿಯಲ್ಲಿ ಮಾತ್ರ ತೆರೆದುಕೊಳ್ಳುವುದರಿಂದ, ಅದರ ಡಿಜಿಟಲ್ ಕೀಲಿಯನ್ನು ಎರಡು ದಿನ ಮೊದಲೇ ತರಿಸಿ, ಚಿತ್ರವನ್ನು ಆರಂಭದಿಂದ ಕೊನೆಯವರೆಗೆ ಓಡಿಸಿ ನೋಡಬೇಕು. ಅರವತ್ತರ ದಶಕದ ಕಪ್ಪು-ಬಿಳುಪು ಚಿತ್ರಗಳ ಚೌಕಟ್ಟು ಇಂದಿನ ತೆರೆಗಿಂತ ಕಿರಿದು. ತೆರೆ ತುಂಬಲೆಂದು ಅದನ್ನು ಹಿಗ್ಗಿಸಿದರೆ ಮುಖಗಳು ಅಗಲವಾಗುತ್ತವೆ, ದೊಡ್ಡದು ಮಾಡಿದರೆ ತಲೆಗಳು ಕತ್ತರಿಸಿಹೋಗುತ್ತವೆ. ಎರಡೂ ಬದಿಗೆ ಕಪ್ಪು ಬಿಟ್ಟು ತೋರಿಸುವುದೇ ಸರಿ.

ಆಯ್ಕೆಗೆ ನಾಲ್ಕು ಚಿತ್ರಗಳು ಸಾಕು. 1972ರ ‘ನಾಗರಹಾವು’ 2018ರಲ್ಲಿ ಡಿಜಿಟಲ್ ರೂಪದಲ್ಲಿ ಮರುಬಿಡುಗಡೆಯಾಯಿತು. 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ಹಚ್ಚಿಕೊಂಡು ಬಂದಿತು. ಎರಡನೆಯದರ ಕಪ್ಪು-ಬಿಳುಪು ಪ್ರತಿ ಸಿಕ್ಕರೆ ಅದನ್ನೇ ತೋರಿಸಿರಿ. ಬಣ್ಣ ಅದಕ್ಕೆ ಬೇಕಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ‘ನಾಗರಹಾವು’ ಮೊದಲ ದಿನಕ್ಕೆ ಒಳ್ಳೆಯದು, ಏಕೆಂದರೆ ಒನಕೆ ಓಬವ್ವನನ್ನು ಕಾಣಲು ಮಕ್ಕಳೂ ಬರುತ್ತಾರೆ. ಆದರೆ ಆ ಪಾತ್ರ ಒಂದು ಹಾಡಿನಷ್ಟೇ ಉದ್ದವಿದ್ದು, ಅಲ್ಲಿಗೇ ನಿಂತರೆ ಜಯಂತಿಯವರಿಗೆ ಅನ್ಯಾಯವಾದೀತು. ಎಂ.ಆರ್. ವಿಠಲ್ ನಿರ್ದೇಶನದ ‘ಮಿಸ್ ಲೀಲಾವತಿ’ (1965) ಹಾಗೂ ಪುಟ್ಟಣ್ಣ ಕಣಗಾಲರ ‘ಎಡಕಲ್ಲು ಗುಡ್ಡದ ಮೇಲೆ’ (1973) ಈ ಕಾರ್ಯಕ್ರಮದ ತಿರುಳು. ಮೊದಲನೆಯದರಲ್ಲಿ ಕಟ್ಟುಪಾಡಿಗೆ ಸೊಪ್ಪು ಹಾಕದ ಆಧುನಿಕ ಯುವತಿ, ಎರಡನೆಯದರಲ್ಲಿ ಗಂಡನಿದ್ದೂ ಒಂಟಿಯಾದ ಮಾಧವಿ. ಒಂದರ ಮರುದಿನ ಇನ್ನೊಂದನ್ನು ನೋಡಿದವರಿಗೆ ಎಂಟು ವರ್ಷಗಳಲ್ಲಿ ಅವರ ಅಭಿನಯ ಎಷ್ಟು ದೂರ ನಡೆದಿದೆಯೆಂಬುದು ಭಾಷಣವಿಲ್ಲದೆಯೇ ತಿಳಿಯುತ್ತದೆ.

ಜನವರಿ 6 ಅವರ ಹುಟ್ಟಿದ ದಿನ. ಬಳ್ಳಾರಿಯ ಬಿಸಿಲು ಆಗ ಹದವಾಗಿರುತ್ತದೆ. ಸಂಕ್ರಾಂತಿಗೆ ದೊಡ್ಡ ಚಿತ್ರಗಳು ಬರುವ ಮೊದಲೇ ಕಾರ್ಯಕ್ರಮ ಮುಗಿಯುವಂತಿದ್ದರೆ ಮಾಲೀಕರೂ ಟಾಕೀಸು ಬಿಟ್ಟುಕೊಡಲು ಹಿಂಜರಿಯಲಾರರು. ಸಿರುಗುಪ್ಪ, ಸಂಡೂರು, ಕುರುಗೋಡಿನಿಂದ ಬರುವವರು ಊರಿಗೆ ಮರಳಬೇಕಾದ್ದರಿಂದ ಮ್ಯಾಟಿನಿ ಆಟವೇ ಅನುಕೂಲ. ಜಯಂತಿಯವರು ತೆಲುಗು, ತಮಿಳಿನಲ್ಲಿಯೂ ನಟಿಸಿದವರು. ವಾಲ್‌ಪೋಸ್ಟರಿನಲ್ಲಿ ತೆಲುಗಿನ ಒಂದು ಸಾಲಿದ್ದರೆ ಈ ಊರಿನಲ್ಲಿ ಯಾರಿಗೂ ಅಚ್ಚರಿಯಾಗದು.

ಸನ್ಮಾನ, ಹಾರ, ಭಾಷಣಗಳನ್ನು ಚಿತ್ರ ಮುಗಿದ ಮೇಲೆ ಇಟ್ಟುಕೊಳ್ಳಬೇಕು. ಮೊದಲಿಗೆ ಇಟ್ಟರೆ ಆಟ ತಡವಾಗಿ, ಮುಂದಿನ ಆಟದ ವೇಳೆಯೂ ಕೆಡುತ್ತದೆ. ದಿನದ ಗಳಿಕೆಯ ಲೆಕ್ಕ ತೋರಿಸುವ ಡಿಸಿಆರ್ (ಡೈಲಿ ಕಲೆಕ್ಷನ್ ರಿಪೋರ್ಟ್) ಹಾಳೆಗೆ ಮ್ಯಾನೇಜರರ ಸಹಿ ಹಾಕಿಸಿ, ಹಕ್ಕುದಾರರಿಗೆ ಒಪ್ಪಂದದ ಪಾಲಿನೊಂದಿಗೆ ಒಂದು ವಾರದೊಳಗೆ ಕಳುಹಿಸಿರಿ. ಮುಂದಿನ ವರ್ಷ ಅವರಲ್ಲೇ ಇನ್ನೊಂದು ಚಿತ್ರ ಕೇಳಬೇಕಾಗಬಹುದು.