ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಕೂರಬೇಡಿ

ಬೆಂಗಳೂರು–ಮೈಸೂರು ಮಧ್ಯೆ ನೂರರಲ್ಲಿ ಹೋಗುತ್ತೀರಲ್ಲ, ಸಂಪಾಜೆ ಘಾಟಿಯೂ ಅದೇ 275ನೇ ರಾಷ್ಟ್ರೀಯ ಹೆದ್ದಾರಿ. ಆದರೆ ಇಲ್ಲಿ ಸುರಂಗ ಇಲ್ಲ, ಕಣಿವೆ ದಾಟಿಸುವ ಎತ್ತರದ ಸೇತುವೆಯೂ ಇಲ್ಲ. ಬೆಟ್ಟ ತಿರುಗಿದ ಕಡೆ ರಸ್ತೆ ತಿರುಗುತ್ತದೆ, ಅಷ್ಟೇ. ಮಡಿಕೇರಿ 1,100 ಮೀಟರ್‌ಗಿಂತ ಎತ್ತರದಲ್ಲಿದೆ. ಅದರಲ್ಲಿ ಬಹುಪಾಲು ಸುಮಾರು 30 ಕಿ.ಮೀ. ಒಳಗೆ ಇಳಿದು ಮುಗಿಯುತ್ತದೆ.

ಕಾರು ಕಲಿತ ಹೊಸದರಲ್ಲಿ ನಾನು ನಾಲ್ಕನೇ ಗೇರಿನಲ್ಲೇ ಇಳಿದಿದ್ದೆ, ಕಾಲು ಪೂರ್ತಿ ಬ್ರೇಕ್ ಮೇಲೆ. ಜೋಡುಪಾಲದ ಹತ್ತಿರ ಹಿಂದೆ ಕೂತಿದ್ದ ಅತ್ತೆ, "ಯಾರೋ ತೋಟದಲ್ಲಿ ಕಸ ಸುಡ್ತಿದ್ದಾರೆ ಕಣೋ" ಅಂದರು. ಸುಡುತ್ತಿದ್ದದ್ದು ನಮ್ಮ ಬ್ರೇಕು. ಮುಂದಿನ ತಿರುವಿನಲ್ಲಿ ಪೆಡಲ್ ಒತ್ತಿದರೆ ಮೆತ್ತಗೆ ಕೆಳಗೆ ಹೋಯಿತು, ಒದ್ದೆ ಸ್ಪಂಜು ತುಳಿದ ಹಾಗೆ. ಬ್ರೇಕ್ ಪ್ಯಾಡ್ ಜಾಸ್ತಿ ಕಾದರೆ ಹಿಡಿತ ಬಿಡುತ್ತದೆ, ಬ್ರೇಕ್ ಆಯಿಲ್ ಕುದಿದರೆ ಒಳಗೆ ಗುಳ್ಳೆ ಏಳುತ್ತದೆ, ಆಮೇಲೆ ಎಷ್ಟು ತುಳಿದರೂ ಒತ್ತಡವೇ ಹೋಗುವುದಿಲ್ಲ.

ಹಾಗಾಗಿ ಹತ್ತುವ ಗೇರಿನಲ್ಲೇ ಇಳಿಯಿರಿ. ಎರಡು ಇಲ್ಲವೇ ಮೂರು. ಎಂಜಿನ್ ಗುಯ್ ಅನ್ನುತ್ತದೆ, ಅನ್ನಲಿ, ಕಾರನ್ನು ಹಿಡಿದಿರುವುದೇ ಅದು. ತಿರುವಿಗೆ ಮೊದಲೇ ಬ್ರೇಕ್ ಒತ್ತಿ ನಿಧಾನ ಮಾಡಿಕೊಳ್ಳಿ, ಆಮೇಲೆ ಕಾಲು ಪೂರ್ತಿ ತೆಗೆಯಿರಿ. ಆಟೊಮ್ಯಾಟಿಕ್ ಆದರೆ ಮ್ಯಾನ್ಯುಯಲ್ ಮೋಡ್‌ಗೆ ಹಾಕಿ ಗೇರ್ ಇಳಿಸಿ. ಎಲೆಕ್ಟ್ರಿಕ್ ಕಾರಿನವರು ಮಡಿಕೇರಿಯಲ್ಲಿ ನೂರಕ್ಕೆ ನೂರು ಚಾರ್ಜ್ ಮಾಡಬೇಡಿ, ಬ್ಯಾಟರಿ ತುಂಬಿದ್ದರೆ ಇಳಿಜಾರಿನಲ್ಲಿ ಹುಟ್ಟುವ ಕರೆಂಟ್ ಇಟ್ಟುಕೊಳ್ಳಲು ಜಾಗವಿಲ್ಲದೆ ರೀಜೆನ್ ಬ್ರೇಕಿಂಗ್ (ಮೋಟಾರೇ ಕರೆಂಟ್ ಹುಟ್ಟಿಸುತ್ತಾ ಕಾರನ್ನು ನಿಧಾನ ಮಾಡುವುದು) ಕಡಿಮೆಯಾಗುತ್ತದೆ. ಪೆಟ್ರೋಲ್ ಉಳಿಸೋಕೆ ನ್ಯೂಟ್ರಲ್ ಹಾಕುವವರ ಪಕ್ಕದಲ್ಲಂತೂ ನಾನು ಕೂರುವುದಿಲ್ಲ.

ಇಕ್ಕಟ್ಟಿನ ಜಾಗದಲ್ಲಿ ಹತ್ತಿ ಬರುವವರಿಗೆ ಮೊದಲು ದಾರಿ ಬಿಡಿ. ನಿಯಮವೂ ಅದೇ, ಲೋಡ್ ಲಾರಿ ಅರ್ಧದಲ್ಲಿ ನಿಂತರೆ ಮತ್ತೆ ಎಳೆಯುವುದು ಕಷ್ಟ ಅಲ್ವಾ? ಕುರುಡು ತಿರುವಿನಲ್ಲಿ ಒಂದು ಚಿಕ್ಕ ಹಾರ್ನ್ ಸಾಕು. ಎದುರಿಂದ ಸರ್ಕಾರಿ ಬಸ್ ಬಂದರೆ ತಿರುವಿನ ಒಳಗೆ ನುಗ್ಗಬೇಡಿ, ಈಚೆಗೇ ನಿಂತುಬಿಡಿ. ಬಸ್ಸಿನ ಮೂತಿ ದಾಟಿತು ಅಂತ ಸಮಾಧಾನ ಪಡುವಷ್ಟರಲ್ಲಿ ಅದರ ಹಿಂದಿನ ಚಕ್ರ ತಿರುವಿನ ಒಳಬದಿಗೆ ಕತ್ತರಿಸಿಕೊಂಡು ಬರುತ್ತದೆ, ಆಗ ನಿಮ್ಮ ಕನ್ನಡಿ ನಿಮ್ಮದಲ್ಲ.

ಮಂಜು ಬಿದ್ದರೆ ಹೈಬೀಮ್ ಬೇಡ, ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಲೋಬೀಮ್, ಫಾಗ್ ಲ್ಯಾಂಪ್, ರಸ್ತೆ ಅಂಚಿನ ಬಿಳಿ ಗೆರೆ, ಇಷ್ಟನ್ನು ನಂಬಿ. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಮಿಣುಕಿಸುವವರು ಬೇಕಾದಷ್ಟು ಜನ. ಯಾವ ಕಡೆ ತಿರುಗುತ್ತಾರೆ ಅಂತ ಹಿಂದಿನವರಿಗೆ ಹೇಗೆ ಗೊತ್ತಾಗಬೇಕು?

ಮಳೆಗಾಲದಲ್ಲಿ ಹೊರಡುವ ಮೊದಲು ರಸ್ತೆ ತೆರೆದಿದೆಯಾ ಅಂತ ಕೇಳಿಕೊಳ್ಳಿ. 2018ರ ಆಗಸ್ಟ್‌ನಲ್ಲಿ ಮದೆನಾಡು, ಜೋಡುಪಾಲದ ಕಡೆ ಗುಡ್ಡ ಜಾರಿ ಈ ದಾರಿ ಬಂದ್ ಆಗಿತ್ತು. ರಸ್ತೆ ಪಕ್ಕದ ಗುಡ್ಡದ ಬರೆಯಿಂದ ಕೆಂಪು ನೀರು, ಸಣ್ಣ ಕಲ್ಲು ಇಳಿಯುತ್ತಿದ್ದರೆ ಅದರ ಕೆಳಗೆ ಫೋಟೋಗೆ ನಿಲ್ಲಬೇಡಿ.

ವಾಂತಿ ಬರುವವರನ್ನು ಮುಂದೆ ಕೂರಿಸಿ, ಮೊಬೈಲ್ ಕಿತ್ತಿಟ್ಟುಕೊಳ್ಳಿ.

ದಾರಿಯಲ್ಲಿ ಸುಟ್ಟ ವಾಸನೆ ಬಂದರೆ ತಿರುವಲ್ಲದ, ಅಗಲ ಇರುವ ಜಾಗ ನೋಡಿ ನಿಲ್ಲಿಸಿ. ಗೇರ್ ಹಾಕಿ ಚಕ್ರಕ್ಕೆ ಕಲ್ಲು ಕೊಡಿ. ಕಾದ ಬ್ರೇಕಿಗೆ ನೀರು ಸುರಿಯಬೇಡಿ, ಡಿಸ್ಕ್ ಬಿರುಕು ಬಿಡಬಹುದು. ಅರ್ಧ ಗಂಟೆ ಸುಮ್ನೆ ಕೂತಿರಿ. ಹೊರಡುವ ಮೊದಲು ಪೆಡಲ್ ಒತ್ತಿ ನೋಡಿ, ಗಟ್ಟಿಯಾಗಿದ್ದರೆ ಎರಡನೇ ಗೇರಿನಲ್ಲಿ ನಿಧಾನಕ್ಕೆ ಇಳಿಯಿರಿ. ಇನ್ನೂ ಮೆತ್ತಗಿದ್ದರೆ ಅಲ್ಲಿಗೇ ಮೆಕ್ಯಾನಿಕ್ ಕರೆಸಿ.