ಫೋನಿಗಿಂತ ಹತ್ತಿರ ಪುಸ್ತಕ, ದಿನಕ್ಕೆ ಏಳು ಪುಟ

ದಿನಾ ಓದಬೇಕು ಅಂತ ಹೊರಟು ಕೈಬಿಟ್ಟವರ ಮೊದಲ ಮಾತು, 'ಟೈಮೇ ಸಿಗಲ್ಲ'. ಟೈಮು ಸಿಗುತ್ತದೆ. ಸಿಕ್ಕಿದಾಗ ಕೈಗೆ ಎಟುಕುವುದು ಫೋನು, ಅಷ್ಟೆ. ಪುಸ್ತಕ ಬೀರುವಿನಲ್ಲಿ ಗಾಜಿನ ಹಿಂದೆ ಕೂತಿರುತ್ತದೆ, ಕೆಲವರ ಮನೆಯಲ್ಲಿ ಬೀಗ ಬೇರೆ. ಹಾಗಾಗಿ ಶುರು ಮಾಡಬೇಕಾದ್ದು ಸಾಮಾನು ಜರುಗಿಸುವುದರಿಂದ. ನೀವು ಕೂರುವ ಜಾಗಕ್ಕೆ ಒಂದು ಗೇಣು ದೂರದಲ್ಲಿ ಒಂದೇ ಒಂದು ಪುಸ್ತಕ ಇರಲಿ. ಫೋನು ಎದ್ದು ಹತ್ತು ಹೆಜ್ಜೆ ನಡೆದರೆ ಸಿಗುವ ಕಡೆ ಇರಲಿ, ಅಡುಗೆಮನೆ ಕಟ್ಟೆ ಆದೀತು. ಚಾರ್ಜರ್ ಅಲ್ಲೇ ಸಿಕ್ಕಿಸಿಡಿ, ಫೋನು ತಾನಾಗಿ ಅಲ್ಲಿಗೆ ಹೋಗುತ್ತದೆ.

ಇನ್ನು ಹೊತ್ತಿನ ಮಾತು. 'ಬೆಳಿಗ್ಗೆ ಆರಕ್ಕೆ ಓದುತ್ತೇನೆ' ಅನ್ನುವ ಗಡಿಯಾರದ ಲೆಕ್ಕ ನಮ್ಮ ಕಡೆ ನಿಲ್ಲುವುದಿಲ್ಲ. ತ್ರೀ ಫೇಸ್ ಕರೆಂಟು ರಾತ್ರಿ ಬಂದರೆ ರಾತ್ರಿಯೇ ಮೋಟರ್ ಹಾಕಬೇಕು, ನಲ್ಲಿ ನೀರು ಬಂದಾಗ ಹಿಡಿಯಬೇಕು. ಹೊತ್ತಿಗೆ ಕಟ್ಟುವ ಬದಲು ದಿನಾ ತಪ್ಪದೆ ಆಗುವ ಒಂದು ಕೆಲಸದ ಬಾಲಕ್ಕೆ ಓದನ್ನು ಕಟ್ಟಿ. ಆ ಕೆಲಸ ಮುಗಿಯಿತು ಅಂತ ಕೈಗೇ ಗೊತ್ತಾಗಬೇಕು. 'ಊಟ ಆದ ಮೇಲೆ' ಅನ್ನುವುದು ಸಡಿಲ ಗಂಟು. ಊಟ ಮುಗಿದರೂ ಪಾತ್ರೆ ಇದೆ, ಟಿ.ವಿ. ಇದೆ, ಮಾತಿದೆ, ಊಟ ಎಲ್ಲಿ ಮುಗಿಯಿತು ಅಂತಲೇ ತಿಳಿಯದು. ಡೇರಿಗೆ ಹಾಲು ಹಾಕಿ ಬಂದು, ಕ್ಯಾನು ತೊಳೆದು, ಜಗಲಿಯ ಮೇಲೆ ಮಗುಚಿ ಹಾಕಿದಾಗ ಟಣ್ ಅಂತ ಒಂದು ಸದ್ದು ಬರುತ್ತದಲ್ಲ, ಅದು ಬಿಗಿ ಗಂಟು. ಸದ್ದಾಯಿತು, ಕೈ ಒರೆಸಿಕೊಂಡೆ, ಪುಸ್ತಕ ಹಿಡಿದೆ. ಪೇಟೆಯವರಿಗೆ ಮಗುವನ್ನು ಸ್ಕೂಲ್ ವ್ಯಾನ್ ಹತ್ತಿಸಿದ ಗಳಿಗೆ, ಅಂಗಡಿಯವರಿಗೆ ಬೋಣಿ ಆಗುವ ಮುಂಚಿನ ಹೊತ್ತು.

ತುಮಕೂರಿನಿಂದಲೋ ಬಂಗಾರಪೇಟೆಯಿಂದಲೋ ದಿನಾ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರಿಗೆ ಎರಡೂ ಕಡೆ ಸುಮಾರು 70 ಕಿಲೋಮೀಟರ್ ದಾರಿ, ಓದಿಗೆ ಹೇಳಿ ಮಾಡಿಸಿದಂತಿದೆ. ಹೋಗುವಾಗ ಓದಿ. ಬರುವಾಗ ಓದುತ್ತೇನೆ ಅನ್ನುವುದು ನಿದ್ದೆಗೆ ಕೊಟ್ಟ ಮಾತು. ಬಸ್ಸಿನಲ್ಲಿ ಮಾತ್ರ ಹಟ ಬೇಡ. ಕಣ್ಣಿಗೆ ಪುಟ ಅಲುಗದಂತೆ ಕಾಣುತ್ತದೆ, ಒಳಕಿವಿಗೆ ಮೈ ಅಲುಗುವುದು ತಿಳಿಯುತ್ತದೆ, ಎರಡಕ್ಕೂ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಬಸ್ಸಿನವರು ಸ್ಟ್ಯಾಂಡಿನಲ್ಲಿ ಕಾಯುವ ಹತ್ತು ನಿಮಿಷ ಹಿಡಿದುಕೊಂಡರೆ ಸಾಕು.

ಎಷ್ಟು ಓದಬೇಕು? ಮೊದಲ ಹದಿನೈದು ದಿನ ಎರಡೇ ಪುಟ. ನಗು ಬರುವಷ್ಟು ಕಮ್ಮಿ, ಬೇಕೆಂದೇ ಕಮ್ಮಿ. ಜ್ವರ ಬಂದ ದಿನವೂ, ನೆಂಟರು ಬಂದ ದಿನವೂ ಆಗುವಂತಿರಬೇಕು. ಜಾಸ್ತಿ ಓದಿದರೆ ಸಂತೋಷ, ಆದರೆ ನಾಳೆಯ ಲೆಕ್ಕ ಮತ್ತೆ ಎರಡರಿಂದಲೇ. ಆಮೇಲೆ ಒಂದು ದಿನ ಹದಿನೈದು ನಿಮಿಷ ಅಲಾರಂ ಇಟ್ಟು ಎಷ್ಟು ಪುಟ ಆಯಿತು ಎಣಿಸಿ. ಐದಾಗಬಹುದು, ಹತ್ತಾಗಬಹುದು. ಏಳು ಅಂತಿಟ್ಟುಕೊಂಡರೆ ತಿಂಗಳಿಗೆ 210 ಪುಟ, ಅಂದರೆ ಸಾಧಾರಣ ಗಾತ್ರದ ಒಂದು ಕಾದಂಬರಿ. ಹೊಸ ವರ್ಷದ ಹುರುಪಿನಲ್ಲಿ ದಿನಕ್ಕೆ 50 ಪುಟ ಅಂದವರು ಸಂಕ್ರಾಂತಿಯ ಎಳ್ಳು ಬೀರುವ ಹೊತ್ತಿಗೆ ಪುಸ್ತಕ ಎಲ್ಲಿಟ್ಟೆ ಅಂತ ಹುಡುಕುತ್ತಿರುತ್ತಾರೆ.

'21 ದಿನ ಮಾಡಿದರೆ ರೂಢಿಯಾಗುತ್ತದೆ' ಅನ್ನುವ ಮಾತನ್ನು ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪ ಲ್ಯಾಲಿ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಹೊಸ ಅಭ್ಯಾಸ ಕೂರಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18ಕ್ಕೇ ಆಯಿತು, ಕೆಲವರ ಲೆಕ್ಕ 254ರವರೆಗೂ ಹೋಯಿತು. ಅದರಲ್ಲೇ ಕಂಡ ಇನ್ನೊಂದು ಸಂಗತಿ: ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವಿಲ್ಲ. ಹೊಡೆತ ಕೊಡುವುದು 'ಹೆಂಗೂ ತಪ್ಪಿತಲ್ಲ' ಅಂತ ಬಿಡುವ ಎರಡನೇ ದಿನ.

ಓದಲು ಕೂತ ಮೂರು ನಿಮಿಷದೊಳಗೆ ಕೈ ತುರಿಸುತ್ತದೆ. ಬೆಸ್ಕಾಂ ಬಿಲ್ ಕಟ್ಟಿಲ್ಲ, ಗ್ಯಾಸ್ ಬುಕ್ ಮಾಡಬೇಕು, ಅಕ್ಕನಿಗೆ ಫೋನ್ ಮಾಡಬೇಕು, ಎಲ್ಲ ಆಗಲೇ ನೆನಪಿಗೆ ಬರುತ್ತದೆ. ಎದ್ದಿರೋ, ಕೆಟ್ಟಿತು. ಬಿಲ್ ಕಟ್ಟಲು ತೆಗೆದ ಫೋನು ರೀಲ್ಸ್ ತನಕ ಕರೆದೊಯ್ಯುತ್ತದೆ. ಪುಸ್ತಕದ ಜೊತೆ ಒಂದು ಚೀಟಿ, ಮೋಟು ಪೆನ್ಸಿಲ್ ಇಟ್ಟುಕೊಂಡು 'ಗ್ಯಾಸ್' ಅಂತ ಒಂದು ಪದ ಗೀಚಿ ಮುಂದೆ ಹೋಗಿ. ಚೀಟಿಗೆ ಇಳಿದದ್ದನ್ನು ತಲೆ ಮತ್ತೆ ಮತ್ತೆ ಕೇಳುವುದಿಲ್ಲ.

'ಅರ್ಜೆಂಟ್ ಕಾಲ್ ಬಂದರೆ?' ಅನ್ನುವ ಅಂಜಿಕೆಗೂ ದಾರಿ ಇದೆ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಡು ನಾಟ್ ಡಿಸ್ಟರ್ಬ್ ಹಾಕಿ, ಸ್ಟಾರ್ ಹಾಕಿದ ನಂಬರುಗಳಿಗೆ ಮಾತ್ರ ಬಿಟ್ಟುಕೊಡಿ. ಮನೆಯವರ ನಾಲ್ಕು ನಂಬರಿಗೆ ಸ್ಟಾರ್ ಸಾಕು. ಡಿಜಿಟಲ್ ವೆಲ್‌ಬೀಯಿಂಗ್ ಒಳಗಿನ ಫೋಕಸ್ ಮೋಡ್‌ನಲ್ಲಿ ಯೂಟ್ಯೂಬ್, ಇನ್‌ಸ್ಟಾಗ್ರಾಮ್ ಆರಿಸಿ ಹೊತ್ತು ಗೊತ್ತುಮಾಡಿದರೆ ಅಷ್ಟು ಹೊತ್ತು ಅವು ತೆರೆಯುವುದಿಲ್ಲ. ಗುಡ್ ಮಾರ್ನಿಂಗ್ ಹೂವು ಕಳಿಸುವ ವಾಟ್ಸಾಪ್ ಗುಂಪುಗಳನ್ನು ಮ್ಯೂಟ್ ಮಾಡಿ, ಆರ್ಕೈವ್‌ಗೆ ತಳ್ಳಿ. ಯಾರಿಗೂ ತಿಳಿಯುವುದಿಲ್ಲ, ಮನಸ್ತಾಪವೂ ಇಲ್ಲ.

ಮೊದಲ ಪುಸ್ತಕವಾಗಿ ದಪ್ಪ ಗ್ರಂಥ ಹಿಡಿಯಬೇಡಿ. ಸಣ್ಣಕತೆಗಳ ಸಂಕಲನ ಒಳ್ಳೆಯದು, ಎರಡು ದಿನಕ್ಕೊಂದು ಕತೆ ಮುಗಿಯುತ್ತದೆ. 40 ಪುಟ ಆದರೂ ಹಿಡಿಸದಿದ್ದರೆ ಮುಚ್ಚಿಬಿಡಿ, ಎಷ್ಟೇ ದೊಡ್ಡ ಹೆಸರಿನ ಪುಸ್ತಕವಾಗಲಿ. ಹಿಡಿಸದ ಪುಸ್ತಕದ ಮುಲಾಜಿನಲ್ಲೇ ಎಷ್ಟೋ ಜನರ ಓದು ನಿಂತಿದೆ. ದಿನದ ಓದನ್ನು ಅಧ್ಯಾಯದ ಕೊನೆಯಲ್ಲಿ ನಿಲ್ಲಿಸದೆ ಕತೆ ಬಿಸಿಯಾಗಿರುವಾಗ ನಡುವೆಯೇ ನಿಲ್ಲಿಸಿದರೆ ನಾಳೆ ಕೈ ತಾನೇ ಹೋಗುತ್ತದೆ.

ಎರಡು ಪುಟವೂ ಆಗದ ದಿನಗಳಿವೆ. ಶಿಡ್ಲಘಟ್ಟದ ಕಡೆ ರೇಷ್ಮೆ ಮನೆಯವರನ್ನು ಕೇಳಿ. ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದ ಮೇಲೆ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವ ತನಕ ಹೆಚ್ಚುಕಮ್ಮಿ ಒಂದು ವಾರ ಸೊಪ್ಪು ತಂದಷ್ಟೂ ಸಾಲದು, ಅದರ ಬೆನ್ನಿಗೇ ಚಂದ್ರಿಕೆಗೆ, ಅಂದರೆ ಹುಳು ಗೂಡು ಕಟ್ಟುವ ತಟ್ಟೆಗೆ, ಬಿಡುವ ಗಡಿಬಿಡಿ. ಆ ವಾರಕ್ಕೆ ಅಂತಲೇ ಒಂದು ಕನಿಷ್ಠ ಓದು ಇಟ್ಟುಕೊಳ್ಳಿ. ಮುಳಬಾಗಿಲಿನವರೇ ಆದ ಡಿ.ವಿ.ಜಿ. ಅವರ ಮಂಕುತಿಮ್ಮನ ಕಗ್ಗದಲ್ಲಿ ನಾಲ್ಕು ಸಾಲಿನ 945 ಪದ್ಯಗಳಿವೆ. ದಿನಕ್ಕೊಂದರಂತೆ ಎರಡೂವರೆ ವರ್ಷ ದಾಟುತ್ತದೆ. ಹುಳು ಜ್ವರಕ್ಕೆ ಕೂತಾಗ ಸೊಪ್ಪು ತಿನ್ನುವುದಿಲ್ಲ, ಆ ಬಿಡುವಿನಲ್ಲಿ ಉಳಿದ ಓದು. ಓದು ನಿಂತು ವಾರ ಕಳೆದಿದ್ದರೆ ನಿಲ್ಲಿಸಿದ ಜಾಗಕ್ಕಿಂತ ಎರಡು ಪುಟ ಹಿಂದಿನಿಂದ ಶುರು ಮಾಡಿ. ಪಾತ್ರಗಳ ಹೆಸರು ಮರೆತು ಬೇಸರವಾಗುವುದು ತಪ್ಪುತ್ತದೆ.

ನಲವತ್ತು ದಾಟಿದವರು ಇದೊಂದನ್ನು ಮೊದಲು ನೋಡಿಕೊಳ್ಳಿ. ಪುಸ್ತಕ ಹಿಡಿದ ಕೈ ತಾನಾಗಿ ದೂರ ದೂರ ಸರಿಯುತ್ತಿದ್ದರೆ, ಸಂಜೆ ದೀಪದಲ್ಲಿ ಒತ್ತಕ್ಷರಗಳು ಕಲಸಿಹೋದಂತೆ ಕಂಡರೆ, ಅದು ಚಾಳೀಸು. ಕನ್ನಡದ ಒತ್ತುಗಳು ಸಣ್ಣವು, ತೊಂದರೆ ಅಲ್ಲೇ ಮೊದಲು ಕಾಣುತ್ತದೆ. 'ಈಗೀಗ ಓದಿನಲ್ಲಿ ಆಸಕ್ತಿ ಇಲ್ಲ' ಅನ್ನುವ ಎಷ್ಟೋ ಜನರಿಗೆ ಬೇಕಾಗಿರುವುದು ಕನ್ನಡಕ. ಹಾಸಿಗೆಯಲ್ಲಿ ಮಲಗಿ ಓದುವುದನ್ನೂ ಬಿಡಿ. ಎರಡನೇ ಪುಟಕ್ಕೆ ಕಣ್ಣು ಮುಚ್ಚುತ್ತದೆ, ನಿದ್ದೆಗೆ ಅದು ಒಳ್ಳೆಯ ಔಷಧ.

ಓದು ನಿಲ್ಲುವ ಇನ್ನೊಂದು ಜಾಗ ಎರಡು ಪುಸ್ತಕಗಳ ನಡುವಿನ ಸಂದಿ. ಒಂದು ಮುಗಿಯಿತು, ಮುಂದಿನದು ಮನೆಯಲ್ಲಿಲ್ಲ, ನಾಲ್ಕು ದಿನ ಹೋಯಿತು, ಗಂಟು ಬಿಚ್ಚಿತು. ಕೊನೆಯ 30 ಪುಟ ಇರುವಾಗಲೇ ಮುಂದಿನದನ್ನು ತಂದಿಡಿ. ಮನೆ ಕಂದಾಯದ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತಿದ್ದೀರಿ, ರಸೀದಿ ನೋಡಿ. ಕಟ್ಟಿದ ಮೇಲೆ ಜಿಲ್ಲಾ ಕೇಂದ್ರದ ಗ್ರಂಥಾಲಯದಲ್ಲೋ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲೋ ಸದಸ್ಯರಾಗದೆ ಇರುವುದು ಯಾವ ಲೆಕ್ಕ? ಎರವಲು ತಂದ ಪುಸ್ತಕಕ್ಕೆ ವಾಪಸಿನ ತಾರೀಖು ಇರುತ್ತದೆ, ಕೊಂಡ ಪುಸ್ತಕಕ್ಕೆ ಆ ಒತ್ತಾಯವಿಲ್ಲ. ಜಿಲ್ಲಾ ಗ್ರಂಥಾಲಯಕ್ಕೆ ಸೋಮವಾರ ರಜೆ, ಭಾನುವಾರವೇ ಹೋಗಿಬನ್ನಿ.